ತೆಗೆಸುವುದೋ, ಕಾಯುವುದೋ

ಜನವರಿ 9

ಅಕ್ಕ,

ಕಾಗದದಲ್ಲಿ ಮೊದಲು ‘ನಾನು ಕ್ಷೇಮ’ ಎಂದು ಬರೆದು ಆಮೇಲೆ ಉಳಿದದ್ದನ್ನು ಬರೆಯಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಈ ಸಲ ಆ ಮೊದಲ ಸಾಲೇ ತೊಡಕಾಗಿದೆ. ಫೋನ್ ಮಾಡಿದರೆ ನಿನ್ನ ಕಿವಿಗೆ ಅರ್ಧ ಕೇಳುವುದಿಲ್ಲ, ‘ಜೋರಾಗಿ ಹೇಳು’ ಎನ್ನುತ್ತೀಯ. ಇದು ಈಜುಕೊಳದ ಆಫೀಸಿನಲ್ಲಿ ನಿಂತು ಜೋರಾಗಿ ಹೇಳುವ ವಿಷಯವಲ್ಲ.

ವರ್ಷಕ್ಕೊಮ್ಮೆ ನಮಗೆ, ಈಜು ಕಲಿಸುವವರಿಗೆ, ಆರೋಗ್ಯ ತಪಾಸಣೆ ಇರುತ್ತದೆ. ಈ ಸಲ ರಕ್ತದಲ್ಲಿ ಏನೋ ಒಂದು ಅಂಶ ಹೆಚ್ಚಿದೆ ಎಂದರು. ಆಮೇಲೆ ಸ್ಕ್ಯಾನ್, ಅದಾದ ಮೇಲೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಂತೆ. ಮೂತ್ರಕೋಶದ ಕೆಳಗೆ, ಗಂಡಸರಿಗೆ ಮಾತ್ರ ಇರುವ ಸಣ್ಣ ಗ್ರಂಥಿ. ಅರವತ್ತೊಂದು ವರ್ಷ ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ನಿಧಾನವಾಗಿ ಮಾತಾಡುವ ಮನುಷ್ಯ. “ಬೇಗ ಸಿಕ್ಕಿದೆ, ಮೆಲ್ಲಗೆ ಬೆಳೆಯೋ ಜಾತಿ, ಗಾಬರಿ ಬೇಡ. ಆಪರೇಷನ್ ಮಾಡಿ ತೆಗೆದುಬಿಡಬಹುದು. ರೇಡಿಯೇಷನ್ ಕೊಡಬಹುದು. ಇಲ್ಲಾ, ಏನೂ ಮಾಡದೆ ಆಗಾಗ ಪರೀಕ್ಷೆ ಮಾಡ್ತಾ ಕಾಯಬಹುದು. ಆಯ್ಕೆ ನಿಮ್ಮದು,” ಎಂದರು.

“ಇದರಲ್ಲಿ ಯಾವುದು ಒಳ್ಳೇದು?” ಎಂದು ಕೇಳಿದೆ.

“ನಿಮ್ಮ ಮಟ್ಟಿಗೆ ಮೂರೂ ಒಳ್ಳೇದೇ.”

ಹೀಗೆ ಮಾಡು ಎಂದು ಗದರಿಸಿದ್ದರೆ ತಲೆಯಾಡಿಸಿ ಬರುತ್ತಿದ್ದೆ. ನೋವಿಲ್ಲ, ಸುಸ್ತಿಲ್ಲ. ಇವತ್ತು ಬೆಳಿಗ್ಗೆಯೂ ಎರಡು ಬ್ಯಾಚಿಗೆ ಕಲಿಸಿ ಬಂದೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ

ಜನವರಿ 17

ಮೊಂಡ,

ತೆಗೆಸಿಬಿಡು. ಇದರಲ್ಲಿ ಯೋಚಿಸುವುದು ಏನಿದೆ? ಹುಳ ಬಿದ್ದಿರುವುದು ಕಣ್ಣಿಗೆ ಕಂಡ ಮೇಲೂ ಕೋಟನ್ನು ಬೀರುವಿನಲ್ಲಿ ಹಾಗೇ ಇಟ್ಟು, ತಿಂಗಳಿಗೊಮ್ಮೆ ಬಾಗಿಲು ತೆಗೆದು ನೋಡುತ್ತಾ ಕೂರುತ್ತಾರಾ? ನನ್ನ ಹೊಲಿಗೆ ಅಂಗಡಿಗೆ ಯಾರಾದರೂ ಹಾಗೆ ಬಂದರೆ ಕತ್ತರಿ ಹಾಕುತ್ತೇನೆಯೇ ಹೊರತು ‘ಆಯ್ಕೆ ನಿಮ್ಮದು’ ಎನ್ನುವುದಿಲ್ಲ.

ಈಗ ಆಪರೇಷನ್ ಮೊದಲಿನಂತಲ್ಲ, ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ ಎಂದು ಕೇಳಿದ್ದೇನೆ. ನಾನು ಬಂದು ಇರುತ್ತೇನೆ. ಅಂಗಡಿಯನ್ನು ಹುಡುಗಿಯರು ನೋಡಿಕೊಳ್ಳುತ್ತಾರೆ. ನಿನಗೇನು, ಒಂಟಿ ಜೀವ, ಹೆಂಡತಿ ಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ಯಾರನ್ನು ಕೇಳಬೇಕು? ಹೆದರಿಕೆಯಾದರೆ ಹೆದರಿಕೆ ಎಂದು ಹೇಳು. ಚಿಕ್ಕಂದಿನಲ್ಲಿ ಹಲ್ಲು ಕೀಳಿಸಲು ಹೋದಾಗ ಮಂಚದ ಕೆಳಗೆ ಸೇರಿಕೊಂಡವನು ನೀನು.

ದಿನ ಗೊತ್ತುಮಾಡಿ ಬರೆ.

ಅಕ್ಕ

ಫೆಬ್ರವರಿ 11

ಅಕ್ಕ,

ಬರೆಯುವುದು ತಡವಾಯಿತು. ಇಬ್ಬರು ಡಾಕ್ಟರನ್ನು ನೋಡಿ ಬಂದೆ. ಶಸ್ತ್ರಚಿಕಿತ್ಸೆಯವರ ಕೋಣೆಯಲ್ಲಿ ಶಸ್ತ್ರಚಿಕಿತ್ಸೆ ಒಳ್ಳೆಯದಾಗಿತ್ತು. ಕೆಳಗಿನ ಮಹಡಿಗೆ ಇಳಿದರೆ ರೇಡಿಯೇಷನ್ನಿನವರ ಕೋಣೆ. ಅಲ್ಲಿ ರೇಡಿಯೇಷನ್ ಒಳ್ಳೆಯದಾಗಿತ್ತು. ಇಬ್ಬರೂ ಸಜ್ಜನರು. ಕೊನೆಗೆ ಇಬ್ಬರೂ ಒಂದೇ ಮಾತು ಹೇಳಿದರು: ಕಾಯುವುದೂ ಒಂದು ಚಿಕಿತ್ಸೆಯೇ, ಕೈಕಟ್ಟಿ ಕೂರುವುದಲ್ಲ, ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ವರ್ಷಕ್ಕೆ ಮತ್ತೆ ಸೂಜಿ. ರೋಗ ಮೈಮುರಿದು ಏಳುವ ಲಕ್ಷಣ ಕಂಡರೆ ಆಗ ಆಪರೇಷನ್ನೋ ರೇಡಿಯೇಷನ್ನೋ ಮಾಡುತ್ತಾರೆ.

ಆಪರೇಷನ್ ಆದರೆ ಏನೇನಾಗಬಹುದು ಎಂದು ಅವರು ಬಿಡಿಸಿ ಹೇಳಿದರು. ಮೂತ್ರ ಹಿಡಿತದಲ್ಲಿ ನಿಲ್ಲುವುದಿಲ್ಲ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ನಾನು ಸೊಂಟದಮಟ್ಟ ನೀರಿನಲ್ಲಿ ನಿಂತು, ಇನ್ನೊಬ್ಬರ ಬೆನ್ನಿನ ಕೆಳಗೆ ಕೈಯಿಟ್ಟು ತೇಲಲು ಕಲಿಸುವವನು. ಸೋರುವ ಮೈ ಇಟ್ಟುಕೊಂಡು ಆ ನೀರಿಗೆ ಹೇಗೆ ಇಳಿಯಲಿ? ಇನ್ನೊಂದು ತೊಂದರೆಯೂ ಇದೆ. ಅದನ್ನು ಅಕ್ಕನಿಗೆ ಬರೆಯಲು ಕೈ ಬರುವುದಿಲ್ಲ, ನೀನೇ ಊಹಿಸಿಕೋ.

ಹಾಗಾಗಿ ಸದ್ಯಕ್ಕೆ ಕಾಯುವುದು ಎಂದು ತೀರ್ಮಾನಿಸಿದ್ದೇನೆ. ಬೆಳಗಿನ ಬ್ಯಾಚಿಗೆ ಬರುವ ಲೈಬ್ರರಿಯವರೊಬ್ಬರು ಈ ರೋಗದ ಬಗ್ಗೆ ಒಳ್ಳೆಯ ಪುಸ್ತಕ ಹುಡುಕಿಕೊಟ್ಟರು. ಓದಿದೆ. ಹೆದರಿ ಹೇಳುತ್ತಿಲ್ಲ.

ತಮ್ಮ

ಫೆಬ್ರವರಿ 19

ನಿನ್ನ ಕಾಗದ ಓದಿದೆ. ಕೊಳದಲ್ಲಿ ನಿಲ್ಲುವುದಕ್ಕೋಸ್ಕರ ಜೀವ ಒತ್ತೆಯಿಡುವವನನ್ನು ಇವತ್ತೇ ನೋಡಿದ್ದು. ಊರಿನವರಿಗೆಲ್ಲ ಈಜು ಕಲಿಸುವ ಗುತ್ತಿಗೆ ನಿನಗೇ ಕೊಟ್ಟಿದ್ದಾರಾ? ದಡದಲ್ಲಿ ನಿಂತು ಕಲಿಸು. ಲೈಬ್ರರಿಯವರ ಪುಸ್ತಕಕ್ಕಿರುವ ಬೆಲೆ ಅಕ್ಕನ ಮಾತಿಗಿಲ್ಲ. ಆಯಿತು.

ಇನ್ನೊಂದು ತೊಂದರೆ ಎಂದಿದ್ದೀಯ. ಈ ವಯಸ್ಸಿನಲ್ಲಿ, ಒಬ್ಬನೇ ಇರುವವನಿಗೆ, ಅದೊಂದು ತೊಂದರೆಯಾ?

ಅಕ್ಕ

ಜೂನ್ 3

ಅಕ್ಕ,

ಮೂರೂವರೆ ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯಲು ಕಾರಣ ನಿನ್ನ ಮಗಳು. ಆಫೀಸಿನ ತರಬೇತಿಗೆಂದು ಈ ಊರಿಗೆ ಬಂದವಳು ಮೂರು ದಿನ ನನ್ನಲ್ಲೇ ಇದ್ದಳು. ನೀನು ನನ್ನ ವಿಷಯ ಹೇಳಿದ್ದೀಯಂತೆ. ಊಟ ಮಾಡುತ್ತಾ, “ಅಪ್ಪನಿಗೂ ಇದೇ ಆಗಿತ್ತಲ್ಲ ಮಾವ, ಅಮ್ಮನಿಗೆ ಎಲ್ಲಾ ಗೊತ್ತಲ್ಲ, ಕೇಳಿ,” ಎಂದಳು. ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ನನಗೆ ಗೊತ್ತಿದೆ ಎಂದುಕೊಂಡಿದ್ದಳು ಪಾಪ. ಅವಳನ್ನು ಬಯ್ಯಬೇಡ.

ಭಾವನಿಗೆ ಆಗಿದ್ದು ಹರ್ನಿಯಾ ಆಪರೇಷನ್ ಎಂದು ನೀನು ನಮಗೆಲ್ಲ ಹೇಳಿದ್ದೆ. ಆಮೇಲೆ ಅವರು ಎಲ್ಲಿಗೂ ಬರುವುದನ್ನು ಬಿಟ್ಟರು. ಚೆಸ್ ಆಡಲು ಹೋಗುವುದನ್ನೂ ಬಿಟ್ಟರು. ರಿಟೈರ್ ಆದ ಮೇಲೆ ಮನುಷ್ಯನಿಗೆ ಜಂಭ ಬಂದಿದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ನನ್ನ ಹೆಂಡತಿ ತೀರಿಕೊಂಡಾಗ ನೀನೊಬ್ಬಳೇ ಬಂದೆ. ‘ಅವರಿಗೆ ಮೈ ಸರಿಯಿಲ್ಲ’ ಎಂದೆ. ನಾನು ನಂಬಲಿಲ್ಲ. ಎರಡು ವರ್ಷದ ಹಿಂದೆ ಅವರು ಹೋದಾಗ ಅವರ ದೇಹದ ಪಕ್ಕ ನಿಂತಾಗಲೂ ಅದು ನನ್ನ ಮನಸ್ಸಿನಲ್ಲಿತ್ತು.

ನನ್ನ ಪ್ರಶ್ನೆ ಒಂದೇ. ಇಷ್ಟೆಲ್ಲ ಕಣ್ಣಾರೆ ಕಂಡವಳು ನೀನು. ಅದರ ಒಂದು ಮಾತೂ ಎತ್ತದೆ ನನಗೆ ‘ತೆಗೆಸಿಬಿಡು’ ಎಂದು ಹೇಗೆ ಬರೆದೆ?

ರಕ್ತ ಪರೀಕ್ಷೆಯಾಯಿತು. ಅಂಶ ಇದ್ದಲ್ಲೇ ಇದೆ.

ತಮ್ಮ

ಜೂನ್ 15

ತಮ್ಮ,

ಹೌದು, ಹರ್ನಿಯಾ ಅಲ್ಲ. ಯಾರಿಗೂ ಹೇಳಕೂಡದು ಎಂದು ಅವರು ಆಸ್ಪತ್ರೆಯಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದರು. ಮಗಳಿಗೆ ಹೇಳಿದ್ದೇ ಅವರು ಹೋದ ಮೇಲೆ.

ನಿನ್ನ ಡಾಕ್ಟರು ಹೇಳಿದ್ದು ಸರಿ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ನಿಲ್ಲುತ್ತದೆ. ಇವರದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಕೆಮ್ಮಿದರೆ, ಕುರ್ಚಿಯಿಂದ ಏಳುವಾಗ, ನಗುವಾಗ. ನಗುವುದನ್ನು ಎಷ್ಟು ಬೇಗ ಬಿಟ್ಟರು ಎಂದರೆ, ನಾನು ಮೊದಲು ಗಮನಿಸಲೇ ಇಲ್ಲ. ನಾನು ಕಡುಬಣ್ಣದ ಪ್ಯಾಂಟುಗಳಿಗೆ ಒಳಗಡೆ ಒಂದು ಪದರ ಇಟ್ಟು ಹೊಲಿಯುತ್ತಿದ್ದೆ. ತೆಗೆದು ಒಗೆದು ಮತ್ತೆ ಗುಂಡಿ ಹಾಕುವ ಹಾಗೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಆದರೂ ಅವರಿಗೆ ಎಲ್ಲರೂ ಅಲ್ಲೇ ನೋಡುತ್ತಾರೆ ಅನಿಸುತ್ತಿತ್ತು, ವಾಸನೆ ಬರುತ್ತದೆ ಅನಿಸುತ್ತಿತ್ತು. ಚೆಸ್ ಎಂದರೆ ಒಂದೇ ಕಡೆ ಗಂಟೆಗಟ್ಟಲೆ ಕೂರಬೇಕು. ಬಿಟ್ಟರು.

ನಿನ್ನ ಹೆಂಡತಿ ಹೋದಾಗ ಅವರು ಬಟ್ಟೆ ಹಾಕಿಕೊಂಡು ನನ್ನ ಜೊತೆ ಬಸ್ ಸ್ಟ್ಯಾಂಡಿನವರೆಗೂ ಬಂದರು. ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲ ಎಂದು ಕಂಡಕ್ಟರು ಹೇಳಿದ. ನನ್ನ ಚೀಲ ನನ್ನ ಕೈಗೆ ಕೊಟ್ಟು ವಾಪಸು ನಡೆದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಜಂಭದ ನಡಿಗೆ ಆಗಿರಲಿಲ್ಲ ಅದು.

ಹೇಗೆ ಬರೆದೆ ಎಂದು ಕೇಳಿದ್ದೀಯ. ಎಲ್ಲ ಗೊತ್ತಿದ್ದೇ ಬರೆದೆ. ಆ ಆಪರೇಷನ್ ಆದ ಮೇಲೆ ಹನ್ನೊಂದು ವರ್ಷ ಅವರು ನನ್ನ ಜೊತೆ ಇದ್ದರು. ಕೊನೆಗೆ ಕೈಕೊಟ್ಟಿದ್ದು ಹೃದಯ, ಕ್ಯಾನ್ಸರ್ ಅಲ್ಲ. ಮಾಡಿಸದೇ ಇದ್ದಿದ್ದರೂ ಅಷ್ಟೇ ವರ್ಷ ಇರುತ್ತಿದ್ದರೋ ಏನೋ, ಅದನ್ನು ಯಾರು ಹೇಳುತ್ತಾರೆ? ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಒಬ್ಬರು ಇದ್ದರು. ನನ್ನ ಕಡೆಯಿಂದ ನೋಡಿದರೆ ಅದು ಒಳ್ಳೆಯ ಬಟ್ಟೆ. ಒಳಗಡೆ ಎಲ್ಲೆಲ್ಲಿ ಚುಚ್ಚುತ್ತಿತ್ತು ಎಂಬುದು ಹಾಕಿಕೊಂಡವರಿಗೇ ಗೊತ್ತು.

ಒಂದು ಸಲ ನಾನು ಮಷೀನಿನ ಮುಂದೆ ಇದ್ದೆ. ಹಿಂದಿನಿಂದ ಅವರು, “ಇನ್ನೊಂದು ಸಲ ಕೇಳಿದ್ರೆ ಆಪರೇಷನ್ನಿಗೆ ನಾನು ಹೂಂ ಅನ್ನಲ್ಲ ಕಣೇ,” ಎಂದರು. ಆಗ ನನ್ನ ಕಿವಿ ಸರಿಯಾಗಿಯೇ ಇತ್ತು. ನಾನು ಮಷೀನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

ಇದನ್ನು ಜನವರಿಯಲ್ಲೇ ನಿನಗೆ ಬರೆದಿದ್ದರೆ ನೀನು ಆಪರೇಷನ್ ಬೇಡ ಎನ್ನುತ್ತೀಯ ಎಂದು ಗೊತ್ತಿತ್ತು. ನನಗೆ ನೀನು ಇರಬೇಕಾಗಿತ್ತು. ಅಷ್ಟೇ.

ಅಕ್ಕ

ಜುಲೈ 2

ಅಕ್ಕ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಭಾವನ ವಿಷಯದಲ್ಲಿ ನಾನು ಅಂದುಕೊಂಡದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಅವರಿಗೆ ಹೇಳುವ ಹಾಗಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನು ನನ್ನದು. ನೀನು ಒಂಟಿ ಜೀವ ಎಂದು ಎರಡು ಸಲ ಬರೆದೆ. ಎರಡು ಸಲವೂ ನಾನು ತಿದ್ದಲಿಲ್ಲ. ಆ ಲೈಬ್ರರಿಯವರು ಬರೀ ಪುಸ್ತಕ ಹುಡುಕಿಕೊಟ್ಟವರಲ್ಲ. ಕಳೆದ ವರ್ಷದಿಂದ ನಾವಿಬ್ಬರೂ ಒಟ್ಟಿಗೆ ಇರುವ ಮಾತಾಡುತ್ತಿದ್ದೆವು. ಅವರಿಗೆ ಐವತ್ತೆಂಟು. ಮದುವೆಯಾಗಿರಲಿಲ್ಲ. ನೀರು ಕಂಡರೆ ಹೆದರುತ್ತಿದ್ದರು. ಆ ಹೆದರಿಕೆ ಬಿಡಿಸಲು ನನಗೆ ಒಂದು ಮಳೆಗಾಲವೂ ಒಂದು ಚಳಿಗಾಲವೂ ಹಿಡಿಯಿತು. ನಿನಗೆ ಹೇಳೋಣ ಎನ್ನುವಷ್ಟರಲ್ಲಿ ಈ ರೋಗ ಬಂತು.

ಪುಸ್ತಕ ಕೇಳುವಾಗ ಯಾರೋ ಸ್ನೇಹಿತರಿಗೆ ಎಂದಿದ್ದೆ. ನಿನ್ನ ಕಾಗದ ಓದಿದ ಮಾರನೆಯ ದಿನ ನಿಜ ಹೇಳಿದೆ. ಬ್ಯಾಚ್ ಮುಗಿದು ಎಲ್ಲರೂ ಹೋಗಿದ್ದರು. ಇಬ್ಬರೂ ಕಡಿಮೆ ಆಳದ ಕಡೆ ಮೆಟ್ಟಿಲ ಮೇಲೆ ಕೂತಿದ್ದೆವು. ಎಲ್ಲ ಹೇಳಿ ಮುಗಿಸಿ, “ನೀವು ಮಾತು ವಾಪಸು ತೊಗೊಂಡ್ರೆ ನಾನು ತಪ್ಪು ತಿಳಿಯಲ್ಲ. ಮುಂದೆ ನಾನು ಹೇಗಿರ್ತೀನೋ ಗೊತ್ತಿಲ್ಲ. ಗಂಡ ಅಂತ ಬೇಕಾದ್ದು ನನ್ನಿಂದ ಆಗದೇ ಹೋಗಬಹುದು,” ಎಂದೆ.

ಅವರು ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. “ನನಗೆ ಬೇಕಾದ್ದು ಏನು ಅಂತ ನನ್ನ ಕೇಳಿದ್ರಾ?” ಎಂದರು.

“ಇಲ್ಲ.”

“ಮತ್ತೆ ಅದು ಆಗಲ್ಲ ಅಂತ ನೀವೊಬ್ಬರೇ ಕೂತು ತೀರ್ಮಾನ ಮಾಡಿಬಿಟ್ರಾ? ಆ ಪುಸ್ತಕ ನಿಮಗೇ ಅಂತ ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಸ್ನೇಹಿತರಿಗೋಸ್ಕರ ಯಾರೂ ಪೆನ್ಸಿಲ್ಲಲ್ಲಿ ಗೆರೆ ಎಳೆಯಲ್ಲ. ಲೈಬ್ರರಿ ಪುಸ್ತಕಕ್ಕೆ ಗೆರೆ ಎಳೆದದ್ದಕ್ಕೆ ಬೈಬೇಕು ಅಂತಿದ್ದೆ, ನೀವೇ ಬಾಯಿ ಬಿಡಲಿ ಅಂತ ಕಾದೆ.”

ಗೊತ್ತಿದ್ದದ್ದನ್ನು ಹೇಳದೆ ನನ್ನ ಬದಲಿಗೆ ನೀನೇ ನಿರ್ಧಾರ ಮಾಡಿದೆ ಎಂದು ನಾನು ನಿನ್ನ ಮೇಲೆ ಮುನಿದೆ. ನಾನು ಮಾಡಿದ್ದೂ ಅದೇ. ಮುಂದಿನ ಸಲ ಡಾಕ್ಟರ ಹತ್ತಿರ ಅವರೂ ಬರುತ್ತಾರೆ.

ತಮ್ಮ

ಜುಲೈ 10

ಮೊಂಡ,

ನಿನ್ನ ಕಾಗದ ಓದಿ ಮೊದಲು ಬಂದದ್ದು ಸಿಟ್ಟು. ಒಂದು ವರ್ಷ ಬಚ್ಚಿಟ್ಟಿದ್ದೀಯ. ಆಮೇಲೆ ನಾನೇ ಫೆಬ್ರವರಿಯಲ್ಲಿ ಬರೆದ ಕೊನೆಯ ಸಾಲು ನೆನಪಾಯಿತು. ‘ಅದೊಂದು ತೊಂದರೆಯಾ’ ಎಂದಿದ್ದೆ. ಓದಿ ನೀನು ಏನಂದುಕೊಂಡೆಯೋ. ನಾಚಿಕೆಯಾಯಿತು.

ಅವರು ಬುದ್ಧಿವಂತೆ ಎಂದು ತೋರುತ್ತದೆ. ನಿನಗೆ ಅಷ್ಟು ಬೇಕು. ಅಂಗಡಿಯ ಹುಡುಗಿಯರಿಗೆ ಹೇಳಿದೆ, ಕೆಲಸ ನಿಲ್ಲಿಸಿ ಅರ್ಧ ಗಂಟೆ ಅದೇ ಮಾತಾಡಿದರು. ಕ್ಯಾನ್ಸರ್ ವಿಷಯ ಹೇಳಲಿಲ್ಲ, ಅದು ನಿನ್ನದು.

ತೆಗೆಸು, ಬಿಡು ಎಂದು ಇನ್ನು ನಾನು ಬರೆಯುವುದಿಲ್ಲ. ಬರೆದರೆ ಕಾಗದ ಹರಿದು ಹಾಕು.

ಅಕ್ಕ

ಜನವರಿ 24

ಅಕ್ಕ,

ಹೊಸ ವರ್ಷದ ಮೊದಲ ಸೂಜಿ ಆಯಿತು. ಈ ಸಲ ಫಲಿತಾಂಶ ಒಂದು ಮೆಟ್ಟಿಲು ಮೇಲೇರಿದೆ. ಗ್ರಂಥಿಯಿಂದ ಹೊರಗೆ ಹೋಗಿಲ್ಲ, ಆದರೆ ಮೊದಲಿನಷ್ಟು ಸೋಮಾರಿಯೂ ಅಲ್ಲ. “ಇನ್ನು ಕಾಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ,” ಎಂದರು ಡಾಕ್ಟರು. ಒಂದು ವರ್ಷ ಹಾಳುಮಾಡಿಕೊಂಡೆನಾ ಎಂದು ಕೇಳಿದೆ. ಇಲ್ಲ, ಕಾಯುವುದು ಎಂದರೆ ಇದೇ, ಎದ್ದಾಗ ಹಿಡಿಯಲಿಕ್ಕೇ ಕಾದದ್ದು ಎಂದರು. ನಂಬಿದೆ. ರಾತ್ರಿ ಸ್ವಲ್ಪ ಕಡಿಮೆ ನಂಬಿದೆ.

ನಮ್ಮ ಲೈಬ್ರರಿಯವರು ಜೊತೆಗಿದ್ದರು. ಕೇಳಬೇಕಾದ್ದನ್ನು ನಾನು ಸುತ್ತಿ ಬಳಸಿ ಕೇಳುತ್ತಿದ್ದರೆ ಅವರು ನೇರವಾಗಿ ಕೇಳಿದರು: “ಆಪರೇಷನ್ ಆದ ಮೇಲೆ ಇವರು ನೀರಿಗೆ ಯಾವಾಗ ಇಳೀಬಹುದು? ನಮ್ಮಿಬ್ಬರ ಮಧ್ಯೆ ಏನು ಉಳಿಯತ್ತೆ, ಏನು ಹೋಗತ್ತೆ?” ಡಾಕ್ಟರು ನನ್ನ ಕಡೆ ತಿರುಗಿ ಉತ್ತರ ಹೇಳಲು ಹೊರಟರು. “ನಾನು ಕೇಳಿದ್ದು,” ಎಂದರು ಇವರು. ಆಮೇಲೆ ಡಾಕ್ಟರು ಇವರ ಕಡೆಗೇ ತಿರುಗಿ ಹೇಳಿದರು.

ರೇಡಿಯೇಷನ್ ಎಂದು ನಿರ್ಧರಿಸಿದೆವು. ಆಪರೇಷನ್ನಿನಷ್ಟು ಸೋರುವ ಭಯವಿಲ್ಲ. ಪದೇ ಪದೇ ಹೋಗಬೇಕಾಗುವುದು, ಹೊಟ್ಟೆ ಕೆಡುವುದು, ಸುಸ್ತು ಇರುತ್ತದೆ. ಇನ್ನೊಂದು ತೊಂದರೆ ಇದರಲ್ಲೂ ಬರಬಹುದು, ಆದರೆ ಒಮ್ಮೆಲೇ ಅಲ್ಲ, ವರ್ಷಗಳಲ್ಲಿ. ಮುಂದೆ ಎಂದಾದರೂ ರೋಗ ಮರಳಿದರೆ ಆಗ ಆಪರೇಷನ್ ಕಷ್ಟವಾಗುತ್ತದೆ ಎಂದೂ ಹೇಳಿದರು. ಅದನ್ನೂ ಕೇಳಿಸಿಕೊಂಡೇ ಹೂಂ ಎಂದೆ. ನೀವು ಮಾಡಿದ್ದು ಸರಿ ಎಂದು ಯಾರೂ ಬೆನ್ನು ತಟ್ಟಲಿಲ್ಲ. ತಪ್ಪು ಎಂದೂ ಹೇಳಲಿಲ್ಲ.

ಮಾರ್ಚಿನಲ್ಲಿ ಶುರು. ವಾರಕ್ಕೆ ಐದು ದಿನ, ಒಂದು ತಿಂಗಳು.

ತಮ್ಮ

ಫೆಬ್ರವರಿ 3

ಬರುತ್ತೇನೆ. ಬುದ್ಧಿ ಹೇಳಲು ಅಲ್ಲ, ಜೊತೆಗೆ ಕೂರಲು. ನಿನ್ನ ಲೈಬ್ರರಿಯವರಿಗೆ ಅಡ್ಡಿಯಿಲ್ಲವಾ ಎಂದು ಕೇಳಿ ಬರೆ. ಅವರನ್ನೇ ಕೇಳು, ನೀನೇ ಊಹಿಸಿ ಬರೆಯಬೇಡ.

ಅಕ್ಕ

ಜೂನ್ 20

ಅಕ್ಕ,

ನೀನು ಹೊರಟ ಮೇಲೆ ಬರೆಯುತ್ತಿರುವ ಮೊದಲ ಕಾಗದ. ನಿನ್ನೆ ರಕ್ತದ ಫಲಿತಾಂಶ ಬಂತು. ಅಂಶ ಇಳಿದಿದೆ. ಇನ್ನೂ ಇಳಿಯಬೇಕು, ನಿಧಾನವಾಗಿ ಇಳಿಯುತ್ತದಂತೆ. ‘ವಾಸಿಯಾಯಿತು’ ಎಂಬ ಮಾತನ್ನು ಅವರು ಇನ್ನೂ ಆಡುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಹೋದ ವಾರದಿಂದ ಎರಡು ಬ್ಯಾಚಿಗೂ ಕಲಿಸುತ್ತಿದ್ದೇನೆ. ನಡುವೆ ಓಡಬೇಕಾಗುತ್ತದೆ. ಓಡುತ್ತೇನೆ.

ನೀನು ಹೋದಾಗಿನಿಂದ ಆಸ್ಪತ್ರೆಯ ಆ ಹಾಲ್ ನೆನಪಾಗುತ್ತದೆ. ರೇಡಿಯೇಷನ್ನಿಗೆ ಮೊದಲು ಹೊಟ್ಟೆ ತುಂಬ ನೀರು ಕುಡಿದು, ತಡೆದುಕೊಂಡು ಕೂರಬೇಕು. ಗೋಡೆಯುದ್ದಕ್ಕೂ ಗಂಡಸರ ಸಾಲು, ಎಲ್ಲರ ಕೈಯಲ್ಲೂ ಬಾಟಲಿ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆ ಲಾರಿ ಡ್ರೈವರ್ ನಿನ್ನನ್ನು, “ನಿಮ್ಮ ಯಜಮಾನ್ರಾ ಒಳಗೆ ಹೋಗಿರೋದು?” ಎಂದು ಕೇಳಿದನಂತೆ. ಬಾಗಿಲು ತೆಗೆದು ಹೊರಗೆ ಬಂದಾಗ ನನಗೆ ಕೇಳಿಸಿದ್ದು ನಿನ್ನ ಧ್ವನಿ. ಕಿವಿ ಕೇಳದವರು ತಮ್ಮ ಧ್ವನಿ ಎಷ್ಟು ದೂರ ಹೋಗುತ್ತದೆಂದು ತಿಳಿಯರು.

“ತಮ್ಮ. ನನ್ನ ಯಜಮಾನ್ರಿಗೂ ಇದೇ ಇತ್ತು. ಆಪರೇಷನ್ ಆಯ್ತು. ಹನ್ನೊಂದು ವರ್ಷ ಇದ್ರು. ಸೋರ್ತಿತ್ತು. ಅದಕ್ಕೆ ಹೆದರಿ ಮನೆಯಿಂದ ಆಚೆ ಬರ್ತಿರಲಿಲ್ಲ. ಚೆನ್ನಾಗಿ ಚೆಸ್ ಆಡ್ತಿದ್ರು.”

ಇಡೀ ಸಾಲು ನೆಲ ನೋಡುತ್ತಿತ್ತು. ನರ್ಸ್ ಕೂಡ ನಿಂತುಬಿಟ್ಟಳು. ನನಗೆ ಒಳಗೆ ವಾಪಸು ಹೋಗಿ ಬಾಗಿಲು ಹಾಕಿಕೊಳ್ಳೋಣ ಅನಿಸಿತು. ಆಗ ಮೂಲೆಯಲ್ಲಿದ್ದ, ಆಪರೇಷನ್ ಆಗಿ ಈಗ ರೇಡಿಯೇಷನ್ನಿಗೆ ಬರುತ್ತಿದ್ದ ಆ ತೆಳ್ಳಗಿನ ಮೇಷ್ಟ್ರು ಎದ್ದು ನಿನ್ನ ಪಕ್ಕ ಬಂದು ಕೂತು, “ಅವರಿಗೆ ನೀವು ಏನು ಮಾಡ್ತಿದ್ರಿ ಅಮ್ಮ? ಬಟ್ಟೆಗೆ?” ಎಂದು ಕೇಳಿದರು. ನೀನು ಕೈಚೀಲದಿಂದ ಅಳತೆಯ ಟೇಪು ತೆಗೆದೆ. ಸಾಲಿನಲ್ಲಿದ್ದವರೆಲ್ಲ ಸ್ವಲ್ಪ ಸ್ವಲ್ಪವೇ ಈ ಕಡೆ ಸರಿದರು.

ಆ ಇನ್ನೊಂದು ವಿಷಯದ ಬಗ್ಗೆ ನಿನಗೆ ಬರೆಯುವುದಿಲ್ಲ. ಅದು ಈಗ ನಮ್ಮಿಬ್ಬರದು. ಇವರು ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳುತ್ತಿದ್ದಾರೆ.

ತಮ್ಮ

ಜೂನ್ 29

ತಮ್ಮ,

ಅಂಶ ಇಳಿದದ್ದು ತಿಳಿದು ನೆಮ್ಮದಿಯಾಯಿತು. ಓಡುವಾಗ ನೋಡಿಕೊಂಡು ಓಡು, ಒದ್ದೆ ನೆಲ.

ಮೇಷ್ಟ್ರು ಕಾಗದ ಬರೆದಿದ್ದಾರೆ. ನಾನು ಹೇಳಿದ ಹಾಗೆ ಅವರ ಸೊಸೆ ಹೊಲಿದುಕೊಟ್ಟಳಂತೆ. ಮೂರು ತಿಂಗಳ ಮೇಲೆ ಮೊದಲ ಸಲ, ಆಸ್ಪತ್ರೆಗಲ್ಲದೆ, ಹೊರಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದರಂತೆ.

ನಾನು ಹೊರಡುವ ದಿನ ನಿನ್ನ ಲೈಬ್ರರಿಯವರು ನನ್ನ ಚೀಲ ಹಿಡಿದುಕೊಂಡು ಬಸ್ಸಿನವರೆಗೆ ಬಂದರಲ್ಲ, ಆಗ ಒಂದು ಮಾತು ಕೇಳಿದರು: “ಅಷ್ಟು ಜನರ ಮುಂದೆ ಭಾವನ ವಿಷಯ ಹೇಳಿದ್ರಲ್ಲ ಅಕ್ಕ, ಅವರಿದ್ದಿದ್ರೆ ಬೇಜಾರಾಗ್ತಿರಲಿಲ್ವಾ?” ಅಷ್ಟರಲ್ಲಿ ಬಸ್ಸು ಬಂತು.

ಅವರಿಗೆ ಹೇಳು. ಬೇಜಾರಾಗುತ್ತಿತ್ತು. ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಾನು ಮೇಷ್ಟ್ರಿಗೆ ಹೇಳುವುದನ್ನು ಪೂರ್ತಿ ಹೇಳಿ, ಆಮೇಲೆ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಅಕ್ಕ